ಜೋಯಿಸರ ಕೊಕ್ಕೆಕೋಲು

ನರಸಿಂಹ ಜೋಯಿಸರ ಬಲಗೈಯಲ್ಲಿ ದರ್ಭೆ, ಎಡಗೈಯಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಬಿದಿರುಕೋಲು. ಶ್ರೀರಂಗಪಟ್ಟಣದ ಹೊಳೆ ಮೆಟ್ಟಿಲಲ್ಲಿ ಅಸ್ಥಿ ಬಿಡಿಸುವ ಪುರೋಹಿತರು ಹಲವರಿದ್ದರು. ಎರಡು ಮಂತ್ರದ ನಡುವೆ ಎದ್ದು, ಕಾವೇರಿಯಿಂದ ಹಳೇ ಬಟ್ಟೆ ಎಳೆದು ದಡಕ್ಕೆ ಹಾಕುತ್ತಿದ್ದವರು ಅವರೊಬ್ಬರೇ. ಮೆಟ್ಟಿಲ ಮೇಲುಗಡೆ ಮಡಕೆ, ಎಳ್ಳು, ಬಾಳೆಲೆ ಮಾರುವ ನನ್ನ ಅಂಗಡಿಗೆ ಅದೆಲ್ಲ ಕಾಣುತ್ತಿತ್ತು. ಮಡಿ ಮೈಲಿಗೆ ಎರಡನ್ನೂ ಒಟ್ಟಿಗೆ ಹಿಡಿದ ಮನುಷ್ಯ ಎಂದು ರೇಗಿಸುತ್ತಿದ್ದೆ.

ಹಾಗೆ ನೋಡಿದರೆ ಆ ಬಟ್ಟೆ ಬಿಡಿಸಿದವರೂ ಅವರೇ. ‘ಸತ್ತವರ ಬಟ್ಟೆ ಹೊಳೆಗೆ ಬಿಡಿ, ತಿರುಗಿ ನೋಡದೆ ಹತ್ತಿ ಹೋಗಿ’ ಎಂದು ಅರ್ಧ ಆಯಸ್ಸು ಹೇಳಿದ್ದರು. ತೊಂಬತ್ತರ ದಶಕದಲ್ಲಿ ಪುರಸಭೆಯವರು ಹೊಳೆ ಉಳಿಸುವ ಪ್ರಚಾರ ಶುರುಮಾಡಿದರು. ದಡದಲ್ಲಿ ಸಿಮೆಂಟು ತೊಟ್ಟಿ ಕಟ್ಟಿಸಿ, ಬಟ್ಟೆ ಇದರಲ್ಲೇ ಹಾಕಿ ಎಂದು ಬೋರ್ಡು ಬರೆಸಿದರು. ಅಪ್ಪನ ಅಸ್ಥಿ ಹಿಡಿದು ಬಂದವನು ಬೋರ್ಡು ಓದುತ್ತಾನೆಯೇ? ಪುರೋಹಿತರೇ ಹೇಳಲಿ ಎಂದು ಎಲ್ಲರನ್ನೂ ಕೇಳಿಕೊಂಡರು. ಒಪ್ಪಿದವರು ಜೋಯಿಸರು ಮಾತ್ರ. ‘ಬಟ್ಟೆ ತೊಟ್ಟಿಗೆ ಹಾಕಿ’ ಎನ್ನುವ ಅವರ ದನಿಯನ್ನು ಕ್ಯಾಸೆಟ್ಟಿಗೆ ಹಿಡಿದು, ಆಟೋಗೆ ಮೈಕು ಕಟ್ಟಿ ಊರೆಲ್ಲ ಸುತ್ತಿಸಿದರು.

“ನಿಮಗ್ಯಾಕ್ ಸ್ವಾಮಿ ಈ ಉಸಾಬರಿ?” ಎಂದೆ.

“ತಿರುಗಿ ನೋಡಬೇಡಿ ಅಂತ ಎಲ್ಲರಿಗೂ ಹೇಳ್ತೀನಿ ಕಣಯ್ಯ, ಅವರು ಹೋಗ್ತಾರೆ. ಇಲ್ಲೇ ಕೂತು ನೋಡೋನು ನಾನಲ್ಲವೇ? ಬೆಳಗಾದರೆ ಇದೇ ನೀರಲ್ಲಿ ಅರ್ಘ್ಯ ಬಿಡಬೇಕು.”

ಆದರೆ ಅಲ್ಲಿಂದಾಚೆಗೆ ಅವರು ಅಡಕತ್ತರಿಗೆ ಸಿಕ್ಕರು. ಒಮ್ಮೆ ಕೆ.ಆರ್. ಪೇಟೆ ಕಡೆಯಿಂದ ಟೆಂಪೋದಲ್ಲಿ ಬಂದ ರೈತನೊಬ್ಬ ಅಪ್ಪನ ಪಂಚೆ ಹಿಡಿದು ನಿಂತೇಬಿಟ್ಟ.

“ಓದ್ ಸಲ ನಮ್ಮವ್ವುಂದ್ ತಂದಾಗ ಸೀರೆ ಒಳೆಗ್ ಬುಡಿ ಅಂದೋರು ನೀವೇಯಾ. ಈಗ ನಮ್ಮಪ್ಪುಂದ್ ತೊಟ್ಟಿಗಾಕು ಅಂತೀರಲ್ಲ ಸ್ವಾಮಿ. ಅವ್ವ ಒಂದ್ ಕಡೆ, ಅಪ್ಪ ಒಂದ್ ಕಡೆ ಓಗ್ಬೇಕಾ?”

ಆತ ಪಕ್ಕದ ಪುರೋಹಿತರ ಹತ್ತಿರ ಹೋದ. ಪಂಚೆ ಹೊಳೆಗೇ ಬಿತ್ತು. ಟೆಂಪೋ ಹೊರಟ ಮೇಲೆ ಜೋಯಿಸರು ಕೋಲು ತೆಗೆದುಕೊಂಡು ನೀರಿಗಿಳಿದರು. ಹೀಗೇ ಅವರ ಮೆಟ್ಟಿಲಿಗೆ ಬರುವವರು ಕಡಿಮೆಯಾದರು.

“ಹಳೇ ಮಾತ್ಗೇ ಬಂದ್ಬುಡಿ ಸ್ವಾಮಿ, ಹೊಟ್ಟೆಪಾಡು” ಎಂದೆ ಒಂದು ದಿನ. ಅಷ್ಟರಲ್ಲಿ ಮೇಲಿನ ರಸ್ತೆಯಲ್ಲಿ ಅವರದೇ ದನಿ ಆಟೋದಲ್ಲಿ ಕೂಗುತ್ತಾ ಹೋಯಿತು.

“ನಾನು ಬದಲಾಯಿಸಬಹುದು, ಅದು ಬದಲಾಯಿಸುತ್ತೇನಯ್ಯ?” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಆ ಕೆ.ಆರ್. ಪೇಟೆಯವನು ಕೇಳಿದ್ದು ನನ್ನ ಮನೆ ವಿಷಯವೇ ಕಣಯ್ಯ. ನನ್ನವಳ ಸೀರೆ ಇದೇ ಮೆಟ್ಟಿಲಲ್ಲಿ ಹೊಳೆಗೆ ಬಿಟ್ಟಿದ್ದೀನಿ. ನಾಳೆ ನನ್ನ ಪಂಚೆ ತೊಟ್ಟಿಗೆ ಹಾಕು ಅಂತ ಮಗನಿಗೆ ಯಾವ ಬಾಯಲ್ಲಿ ಹೇಳಲಿ?” ಎಂದರು. ನಾನು ಎಳ್ಳಿನ ಪೊಟ್ಟಣ ಕಟ್ಟುತ್ತಾ ಕೂತೆ.

ಕೊನೆಯ ಸಲ ನೋಡಿದ್ದು ಅವರು ಹಾಸಿಗೆ ಹಿಡಿದಾಗ. ಮಗ ಔಷಧಿ ತರಲು ಹೋಗಿದ್ದ. ಹತ್ತಿರ ಕರೆದು, “ಅವನು ನನ್ನ ಪಂಚೆ ಹೊಳೆಗೇ ಬಿಡ್ತಾನೆ, ಅಮ್ಮ ನೆನಪಾಗ್ತಾಳೆ ಅವನಿಗೆ. ಬೈಬೇಡ. ಅವರೆಲ್ಲ ಹತ್ತಿ ಹೋದಮೇಲೆ ನೀನು ಎಳೆದುಬಿಡು. ಕೋಲು ತೊಟ್ಟಿ ಪಕ್ಕದಲ್ಲೇ ಇದೆ” ಎಂದರು. ಹೂಂ ಎಂದೆ. ಬೇರೇನು ಹೇಳಲಿ?

ಅವರು ಹೇಳಿದಂತೆಯೇ ಆಯಿತು. ಅಸ್ಥಿ ಬಿಡಿಸಿದ ಪಕ್ಕದ ಪುರೋಹಿತರು ತೊಟ್ಟಿಗೆ ಎಂದೂ ಹೇಳಲಿಲ್ಲ, ಹೊಳೆಗೆ ಎಂದೂ ಹೇಳಲಿಲ್ಲ. ಮಗ ತೊಟ್ಟಿ ನೋಡಿದ, ನೀರು ನೋಡಿದ, ಕೊನೆಗೆ “ಅಮ್ಮನ ಹತ್ತಿರಾನೇ ಹೋಗಲಿ” ಎಂದು ಪಂಚೆಯನ್ನು ನೀರಿಗೆ ಬಿಟ್ಟ. ಎಲ್ಲರೂ ತಿರುಗಿ ನೋಡದೆ ಹತ್ತಿ ಹೋದರು.

ನಾನು ಇಳಿದೆ. ಪಂಚೆ ದೂರ ಹೋಗಿರಲಿಲ್ಲ, ಕಲ್ಲಿಗೆ ಸಿಕ್ಕಿಕೊಂಡು ಅಲುಗುತ್ತಿತ್ತು. ಕೋಲು ಹಿಡಿದು ನಿಂತೆ. ಬಿಟ್ಟರೆ ಅವರ ಮಾತು ಹೋಗುತ್ತದೆ, ಎಳೆದರೆ ಆಕೆಯಿಂದ ಅವರನ್ನು ಬಿಡಿಸಿದಂತಾಗುತ್ತದೆ. ಇಂಥ ಕೆಲಸ ನನ್ನ ತಲೆಗೆ ಕಟ್ಟಿ ಹೋದರಲ್ಲ ಎಂದು ಕೋಪ ಬಂತು, ಅಳುವೂ ಬಂತು.

ಕೊನೆಗೆ ಕೊಕ್ಕೆ ಹಾಕಿದೆ.

“ಬನ್ನಿ ಸ್ವಾಮಿ,” ಎಂದೆ, “ಮೇಲಕ್ ಬನ್ನಿ.”