ಟೀ ಟೆಂಟಿನ ಹಿಂದಿನ ವೇದಿಕೆ

ನಮ್ಮೂರಿನ ಐರಿಷ್ ಉತ್ಸವಕ್ಕೆ ನಾನು ಸೇರಿಕೊಂಡದ್ದು ನನ್ನ ಬಾಯಿಯ ದೆಸೆಯಿಂದ. ನಮ್ಮೂರು ಅಂದರೆ ಹಾಸನವಲ್ಲ. ಅಮೆರಿಕದಲ್ಲಿ, ಹಿಲ್ಸ್‌ಬರೋದಿಂದ ಸ್ವಲ್ಪ ದೂರ ಡ್ರೈವ್ ಮಾಡಿದರೆ ಸಿಗುವ, ಒಂದೇ ಮುಖ್ಯ ಬೀದಿಯ ಪುಟ್ಟ ಟೌನ್. ಇಲ್ಲಿ ಮನೆ ಕೊಂಡ ಹೊಸತರಲ್ಲಿ, ಸೆಪ್ಟೆಂಬರಿನ ಒಂದು ಭಾನುವಾರ, ಮಗಳ ಕ್ಲಾಸಿನ ಹುಡುಗಿಯೊಬ್ಬಳು ಡ್ಯಾನ್ಸ್ ಮಾಡುತ್ತಾಳೆಂದು ಪಾರ್ಕಿಗೆ ಹೋದೆವು. ಕಾರಿನಿಂದ ಇಳಿಯುವಷ್ಟರಲ್ಲಿ ಮಳೆ ಹಿಡಿಯಿತು. ಮಗಳು ಗೆಳತಿಯರ ಜೊತೆ ವೇದಿಕೆಯ ಕಡೆ ಓಡಿದಳು, ನಾನೂ ನನ್ನ ಗಂಡನೂ ಹತ್ತಿರ ಕಂಡ ಟೆಂಟಿಗೆ ನುಗ್ಗಿದೆವು. ಅದು ಟೀ ಟೆಂಟು. ಕಾಗದದ ಲೋಟದಲ್ಲಿ ಕೊಟ್ಟ ಟೀಯನ್ನು ಒಂದು ಗುಟುಕು ಕುಡಿದು, ಇದು ಟೀ ಅಲ್ಲ, ಕಲಗಚ್ಚು ಅಂದೆ. ಕನ್ನಡದಲ್ಲೇ ಅಂದದ್ದು, ಇಲ್ಲಿ ಯಾರಿಗೆ ತಿಳಿಯಬೇಕು ಅನ್ನುವ ಧೈರ್ಯದಿಂದ.

ಟೀ ಕೊಟ್ಟ ಹೆಂಗಸು ಎತ್ತರದ ಆಳು, ಬೆಳ್ಳಗಿನ ಕೂದಲು, ಆಗಲೇ ಎಪ್ಪತ್ತು ದಾಟಿದವಳು. ನಿನ್ನ ಹೆಂಡತಿ ಏನಂದಳು ಎಂದು ನನ್ನ ಗಂಡನನ್ನು ಕೇಳಿದಳು. ಈತ ಧಾರವಾಡದವನು. ಸುಳ್ಳು ಹೇಳಲು ಬಾರದು, ಹೇಳಿದರೂ ದಕ್ಕುವುದಿಲ್ಲ. ಅಕ್ಕಿ ತೊಳೆದ ನೀರು, ಅದನ್ನು ನಮ್ಮ ಕಡೆ ಎಮ್ಮೆಗೆ ಕುಡಿಸುತ್ತಾರೆ ಎಂದು ಇಂಗ್ಲಿಷಿನಲ್ಲಿ ಸವಿಸ್ತಾರವಾಗಿ ವಿವರಿಸಿದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಕೆ ತಾನೂ ಒಂದು ಲೋಟ ಬಗ್ಗಿಸಿಕೊಂಡು ಕುಡಿದು ನೋಡಿದಳು, ಹೌದೆಂದು ತಲೆಯಾಡಿಸಿದಳು, ಮೊಳೆಗೆ ನೇತುಹಾಕಿದ್ದ ಏಪ್ರನ್ ತೆಗೆದು ನನ್ನ ಕೈಗಿಟ್ಟಳು. ದೂರು ಹೇಳಿದವರೇ ಆ ಕೆಲಸ ಮಾಡಬೇಕು, ಇಲ್ಲಿಯ ಪದ್ಧತಿ ಹಾಗೆ ಅಂದಳು.

ಅವತ್ತು ಸಂಜೆಯವರೆಗೆ ಟೀ ಕಾಯಿಸಿದೆ. ನೀರು ಮರಳುವ ಮೊದಲೇ ಅದಕ್ಕೆ ಚೀಲಗಳನ್ನು ಹಾಕುತ್ತಿದ್ದರು, ಅಷ್ಟೇ ಆಗಿದ್ದ ತಪ್ಪು. ಮುಂದಿನ ವರ್ಷ ಮಾರ್ಚ್ ತಿಂಗಳಲ್ಲೇ ಆಕೆ ನಮ್ಮ ಮನೆ ಬಾಗಿಲಿಗೆ ಬಂದಳು. ಎರಡು ಮನೆ ಆಚೆಗೇ ಇದ್ದಳಂತೆ, ನನಗೆ ಗೊತ್ತಿರಲಿಲ್ಲ. ವಯಸ್ಸಾದವರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಗೆ ಏಳದು, ಆಂಟಿ ಅಂದೆ. ಅದು ಎಷ್ಟು ಹಿಡಿಸಿತೆಂದರೆ, ಎರಡು ಉತ್ಸವ ಕಳೆಯುವಷ್ಟರಲ್ಲಿ ಟೆಂಟಿನವರೆಲ್ಲ ಅವರನ್ನು ಆಂಟಿ ಎಂದೇ ಕರೆಯತೊಡಗಿದರು, ಅವರಿಗಿಂತ ಹಿರಿಯರಾದ ಚರ್ಚಿನ ಪಾದ್ರಿಗಳೂ ಸೇರಿದಂತೆ.

ಉತ್ಸವದ ಚರಿತ್ರೆಯನ್ನೆಲ್ಲ ನಾನು ಕೇಳಿದ್ದು ಟೀ ಹಂಡೆ ತಿಕ್ಕುತ್ತ. ಆಂಟಿ ಚಿಕ್ಕ ಮಕ್ಕಳ ತಾಯಿಯಾಗಿದ್ದಾಗ ಈ ಊರಿನಲ್ಲಿ ಐರಿಷ್ ಮನೆಗಳು ಬಹಳ. ಆದರೆ ಮಕ್ಕಳಿಗೆ ಐರ್ಲೆಂಡ್ ಎಂದರೆ ಮಾರ್ಚ್ ತಿಂಗಳ ಹಬ್ಬದ ಹಸಿರು ಟೋಪಿ ಮತ್ತು ಕುಡಿದು ಬಿದ್ದ ಚಿಕ್ಕಪ್ಪ, ಇಷ್ಟೇ. ಇದು ಸರಿಯಲ್ಲ ಎಂದು ಆಂಟಿ ಚರ್ಚಿನಲ್ಲಿ ದೂರಿದರು. ಹಾಗಾದರೆ ಸರಿಯಾದದ್ದನ್ನು ನೀನೇ ಮಾಡಿ ತೋರಿಸು ಎಂದರಂತೆ ಅಂದಿನ ಪಾದ್ರಿ. ಪದ್ಧತಿ ಹುಟ್ಟಿದ್ದೇ ಅಲ್ಲಿ. ಮೊದಲ ಉತ್ಸವ ಚರ್ಚಿನ ಪಾರ್ಕಿಂಗ್ ಲಾಟಿನಲ್ಲಿ, ಆಂಟಿಯ ಗಂಡನ ಲಾರಿಯ ಹಿಂಭಾಗವೇ ವೇದಿಕೆ. ಬ್ರಾಂಕ್ಸಿನಿಂದ ರೈಲು ಬದಲಿಸಿ ಬದಲಿಸಿ ಬಂದ ಒಬ್ಬ ಪಿಟೀಲಿನ ಮುದುಕ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನುಡಿಸಿದನಂತೆ.

ಆಮೇಲೆ ಬೆಳೆದದ್ದೆಲ್ಲ ದೂರಿನಿಂದಲೇ. ಕೂರಲು ಜಾಗವಿಲ್ಲ ಅಂದವನು ಕುರ್ಚಿಗಳ ಉಸ್ತುವಾರಿ ಹೊತ್ತ. ಬರೀ ಹಾಡು ಕುಣಿತವಾಯಿತು, ನಮ್ಮ ಭಾಷೆ ಎಲ್ಲಿ ಎಂದು ಸಿಡುಕಿದ ಸ್ಕೂಲ್ ಟೀಚರಿಗೆ ಒಂದು ಟೆಂಟು ಸಿಕ್ಕಿತು; ಇವತ್ತಿಗೂ ಅಲ್ಲಿ ಮಕ್ಕಳು ತಮ್ಮ ಹೆಸರನ್ನು ಐರಿಷ್‌ನಲ್ಲಿ ಬರೆಯುವುದನ್ನು ಕಲಿಯುತ್ತಾರೆ. ಸಂಬಳದವರು ಒಬ್ಬರೂ ಇಲ್ಲ. ಒಂದು ವರ್ಷ ಬಿರುಗಾಳಿ ಮಳೆಗೆ ನದಿ ಉಕ್ಕಿ ಪಾರ್ಕು ಕೆರೆಯಾದಾಗ, ಊರಿನ ಫೈರ್‌ಹೌಸಿನವರು ತಮ್ಮ ಕೆಂಪು ಗಾಡಿಗಳನ್ನೆಲ್ಲ ಬೀದಿಯಲ್ಲಿ ನಿಲ್ಲಿಸಿ ಒಳಗೆ ಜಾಗ ಮಾಡಿಕೊಟ್ಟರು. ಕೋವಿಡ್ ವರ್ಷಗಳಲ್ಲಿ ಉತ್ಸವವಿರಲಿಲ್ಲ. ಆದರೂ ಆ ಭಾನುವಾರ ನಾವೊಂದಷ್ಟು ಜನ ಮಾಸ್ಕ್ ಹಾಕಿಕೊಂಡು ಖಾಲಿ ಪಾರ್ಕಿಗೆ ಹೋಗಿ, ದೂರ ದೂರ ನಿಂತು, ಫ್ಲಾಸ್ಕಿನ ಟೀ ಕುಡಿದು ಬಂದೆವು.

ನನಗೆ ಅತಿ ಹೆಚ್ಚು ಮೆಚ್ಚುಗೆಯಾದದ್ದು ಬೇರೊಂದು. ಇಲ್ಲಿ ವೇದಿಕೆಯ ಮೇಲೆ ಕಾರ್ಯಕರ್ತರ ಹೆಸರು ಹೇಳುವುದಿಲ್ಲ. ನಾನು ಕನ್ನಡ ಕಾರ್ಯಕ್ರಮಗಳಲ್ಲಿ ಪಳಗಿದವಳು. ನಮ್ಮಲ್ಲಿ ವಂದನಾರ್ಪಣೆ ಮುಗಿಯುವ ಹೊತ್ತಿಗೆ ಬಿಸಿಬೇಳೆಬಾತ್ ತಣ್ಣಗಾಗಿ ಕಲ್ಲಾಗಿರುತ್ತದೆ, ಆದರೂ ಯಾರದೋ ಹೆಸರು ಬಿಟ್ಟುಹೋಗಿ ಅವರು ಮುಂದಿನ ಯುಗಾದಿಗೆ ಬರುವುದಿಲ್ಲ. ಇಲ್ಲಿ ಶಾಲು ಇಲ್ಲ, ಹಾರ ಇಲ್ಲ, ನೆನಪಿನ ಕಾಣಿಕೆ ಇಲ್ಲ. ಮೊದಮೊದಲು ಇದೇನು ಇಷ್ಟು ನೀರಸ ಜನ ಅಂದುಕೊಂಡೆ. ಬರುಬರುತ್ತ ಇವರ ಮೇಲೆ ನನಗೆ ಗೌರವ ಹುಟ್ಟಿತು, ಗೌರವ ಅಂದರೆ ಕಡಿಮೆಯಾಯಿತು, ಪ್ರೀತಿಯೇ ಹುಟ್ಟಿತು.

ಈ ವಸಂತದಲ್ಲಿ ಆಂಟಿ ತಮ್ಮ ಕಣ್ಣಿನ ವಿಷಯ ಹೇಳಿದರು. ದೃಷ್ಟಿಯ ನಡುಭಾಗ ಮಾಸುತ್ತ ಬರುತ್ತಿದೆಯಂತೆ, ಅಂಚು ಮಾತ್ರ ಉಳಿಯುತ್ತದಂತೆ, ನಿಲ್ಲಿಸಲು ಆಗುವುದಿಲ್ಲವೆಂದು ಡಾಕ್ಟರು ಕೈಚೆಲ್ಲಿದ್ದರು. ಡ್ರೈವ್ ಮಾಡುವುದನ್ನು ಆಗಲೇ ಬಿಟ್ಟಿದ್ದರು. ಹಂಡೆಯ ನಲ್ಲಿಯನ್ನು ಕೈಯಿಂದ ತಡವಿ ಹುಡುಕುವುದನ್ನು ಹಿಂದಿನ ಸೆಪ್ಟೆಂಬರಿನಲ್ಲೇ ನಾನು ಗಮನಿಸಿದ್ದೆ. ಮಾತು ಹೊರಳಿಸಲು, ಈ ಸಲ ಯಾವ ಡ್ಯಾನ್ಸ್ ಸ್ಕೂಲಿನವರು ಬರುತ್ತಾರೆ ಎಂದು ಕೇಳಿದೆ. ಗೊತ್ತಿಲ್ಲ ಅಂದರು; ಕುಣಿತವನ್ನು ತಾವು ನೋಡಿದ್ದೇ ಇಲ್ಲವಂತೆ.

ತಮಾಷೆಯೆಂದುಕೊಂಡೆ. ತಮಾಷೆಯಲ್ಲ. ಲಾರಿಯ ಕಾಲದಿಂದಲೂ ಅವರು ಟೀ ಮತ್ತು ಬ್ರೆಡ್ಡಿನ ಹಿಂದೆ. ಉತ್ಸವ ಪಾರ್ಕಿಗೆ ಬಂದ ಮೇಲೆ ನೀರಿನ ನಲ್ಲಿ ಎಲ್ಲಿದೆಯೋ ಅಲ್ಲೇ ಟೆಂಟು ಹಾಕಬೇಕು, ಅದರ ಬೆನ್ನು ಸರಿಯಾಗಿ ವೇದಿಕೆಗೆ. ಕ್ಯಾನ್ವಾಸಿನ ಆಚೆಯಿಂದ ಹುಡುಗಿಯರ ಶೂಗಳ ಟಕಟಕ ಕೇಳಿಸುತ್ತದೆ, ಚಪ್ಪಾಳೆ ಕೇಳಿಸುತ್ತದೆ, ಅಷ್ಟರಲ್ಲಿ ಮತ್ತೊಂದು ಸಾಲು ಟೀಗೆ ಬಂದು ನಿಂತಿರುತ್ತದೆ. ಇಡೀ ಊರಿಗೆ ಹಬ್ಬ ಮಾಡಿಕೊಟ್ಟ ಹೆಂಗಸು ಹಬ್ಬವನ್ನು ಕಂಡಿರಲಿಲ್ಲ. ಒಂದು ಸಲ ನೋಡಬೇಕು ಅಂದುಕೊಳ್ಳುತ್ತಲೇ ಇದ್ದೆ ಎಂದು ಹಗುರವಾಗಿ ಅಂದು ಅವರು ಮಾತು ಬದಲಿಸಿದರು. ನನಗೆ ಮಾತ್ರ ಅದು ಹಗುರವೆನಿಸಲಿಲ್ಲ. ಅವರ ಕಣ್ಣಲ್ಲಿ ಬೆಳಕಿರುವಾಗಲೇ ಈ ಸೆಪ್ಟೆಂಬರಿನಲ್ಲಿ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಲೇಬೇಕು ಎಂದು ಹಟ ಹಿಡಿದೆ.

ಆಂಟಿ ಹಟದಲ್ಲಿ ನನಗಿಂತ ಒಂದು ಕೈ ಮೇಲು. ಟೀಯನ್ನು ಯಾರು ನೋಡಿಕೊಳ್ಳುತ್ತಾರೆ ಅಂದರು. ನನ್ನ ಗಂಡ ಅಂದೆ. ಅವನು ಸಕ್ಕರೆ ಹೆಚ್ಚು ಹಾಕುತ್ತಾನೆ ಅಂದರು. ಮಗಳು ಬರುತ್ತಾಳೆ ಅಂದೆ. ಈಗ ಪಿಸ್ಕಾಟವೇಯ ಕಾಲೇಜಿನಲ್ಲಿ ಓದುತ್ತಿರುವ ಅವಳನ್ನು ಕೇಳದೆಯೇ ಒಪ್ಪಿಸಿಬಿಟ್ಟಿದ್ದೆ. ಬೇಸಿಗೆಯಿಡೀ ಹೀಗೇ ಎಳೆದಾಡಿದೆವು. ನನ್ನ ಗಂಡ, "ಬಿಟ್ಬಿಡ ಮಾರಾಯ್ತಿ, ಆಕಿ ಒಪ್ಪಂಗಿಲ್ಲ," ಅಂದ. ಕೊನೆಗೆ ಉಪಾಯ ಮಾಡಿದವಳು ಮಗಳು. ಭಾನುವಾರ ಬೆಳಿಗ್ಗೆ ಬೇಗ ಬಂದು ಆಂಟಿಯ ಏಪ್ರನ್ನನ್ನು ತಾನೇ ಕಟ್ಟಿಕೊಂಡು ನಿಂತಳು. ಆಂಟಿ ಕೈಚಾಚಿದರೆ, "ಐ ಕಂಪ್ಲೇನ್ಡ್ ಅಬೌಟ್ ಯೂ. ಇಟ್ಸ್ ಮೈ ಜಾಬ್ ನೌ," ಅಂದಳು. ತಾವೇ ನಡೆಸಿಕೊಂಡು ಬಂದ ಪದ್ಧತಿಗೆ ಆಂಟಿ ಸೋತರು. ಆದರೆ ಒಂದು ಷರತ್ತು ಹಾಕಿದರು, ಪಕ್ಕದಲ್ಲಿ ನಾನೂ ಕೂರಬೇಕು.

ಹಾಗೆ ನಾವಿಬ್ಬರೂ ಟೆಂಟಿನ ಹಿಂದಿನಿಂದ ಸುತ್ತಿ ಹೋಗಿ ಮುಂದಿನ ಸಾಲಿನ ಮಡಚು ಕುರ್ಚಿಗಳಲ್ಲಿ ಕೂತೆವು. ಬಿಸಿಲು ಹಿತವಾಗಿತ್ತು. ಆಂಟಿ ನೀಲಿ ಕೋಟು ಹಾಕಿ, ತುಟಿಗೆ ಬಣ್ಣವನ್ನೂ ಹಚ್ಚಿಕೊಂಡಿದ್ದರು. ಕೆಲಸವಿಲ್ಲದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡರು. ಅಕಾರ್ಡಿಯನ್ ಶುರುವಾಯಿತು, ಹುಡುಗಿಯರು ಸಾಲಾಗಿ ವೇದಿಕೆಗೆ ಬಂದರು. ಗೆದ್ದೆ ಅಂದುಕೊಂಡು ನಾನು ಆಂಟಿಯ ಮುಖ ನೋಡಿದೆ.

ಅವರು ವೇದಿಕೆಯನ್ನು ನೋಡುತ್ತಿರಲಿಲ್ಲ. ಮುಖವನ್ನು ಒಂದು ಪಕ್ಕಕ್ಕೆ, ಮೇಪಲ್ ಮರಗಳ ಕಡೆಗೆ ತಿರುಗಿಸಿಕೊಂಡಿದ್ದರು. ಸ್ವಲ್ಪ ಹೊತ್ತು ಹಾಗೇ ಇದ್ದು, ಇನ್ನೊಂದು ಪಕ್ಕಕ್ಕೆ ತಿರುಗಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಅಂಚಿನಲ್ಲಿ ಏನೋ ಹಸಿರು ಅಲುಗಾಡುತ್ತಿದೆ, ನಡುವೆ ಏನೂ ಇಲ್ಲ ಎಂದು ಹೇಳಿದರು. ಜುಲೈಯಿಂದಲೇ ಹೀಗಂತೆ. ನಾನು ಅಷ್ಟೊಂದು ಆಸೆಪಟ್ಟಿದ್ದರಿಂದ ನನಗೆ ಹೇಳಿರಲಿಲ್ಲವಂತೆ.

ನನಗೆ ಅಳು ನುಗ್ಗಿ ಬಂತು. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಅಳೋದು ಆಮೇಲೆ. ಏನು ಮಾಡ್ತಿದ್ದಾರೆ ಹೇಳು."

ಹೇಳಲು ಬಾಯಿ ತೆರೆದೆ. ಆಗ ಹೊಳೆಯಿತು, ನನಗೂ ಇದು ಗೊತ್ತಿಲ್ಲ. ಮಳೆ ಬಂದ ಆ ಮೊದಲ ಭಾನುವಾರದಿಂದ ಈಚೆಗೆ ನಾನೂ ಕ್ಯಾನ್ವಾಸಿನ ಆಚೆಯ ಸದ್ದನ್ನಷ್ಟೇ ಕೇಳಿದವಳು. ಹೆಜ್ಜೆಗಳ ಹೆಸರು ತಿಳಿಯದು, ಯಾವುದಾದ ಮೇಲೆ ಯಾವುದು ಬರುತ್ತದೆ ತಿಳಿಯದು. ನಾನೂ ಈಗಲೇ ಮೊದಲ ಸಲ ನೋಡುತ್ತಿರುವುದು ಎಂದು ಒಪ್ಪಿಕೊಂಡೆ.

"ಒಳ್ಳೇದಾಯ್ತು," ಅಂದರು. "ಹಾಗಾದ್ರೆ ಒಂದನ್ನೂ ಬಿಡಲ್ಲ ನೀನು."

ಬಿಡದೆ ಹೇಳಿದೆ. ಕೈಗಳನ್ನು ಮೈಗೆ ಅಂಟಿಸಿಕೊಂಡಿದ್ದಾರೆ, ಸೊಂಟದ ಮೇಲೆ ಏನೂ ಅಲುಗುವುದಿಲ್ಲ, ಕಾಲಿಗೆ ಮಾತ್ರ ಹುಚ್ಚು ಹಿಡಿದಿದೆ ಅಂದೆ. ಗುಂಗುರು ಕೂದಲು ಎಗರುತ್ತಿದೆ, ಅದು ಟೋಪನ್ ಇರಬೇಕು ಅಂದೆ. ಕೊನೆಯಲ್ಲಿರುವ ಪುಟ್ಟವಳ ಬಿಳಿ ಕಾಲುಚೀಲ ಜಾರಿದೆ, ಅವಳಿಗೆ ಅದು ಗೊತ್ತು, ಆದರೂ ಬಗ್ಗುತ್ತಿಲ್ಲ, ಹಲ್ಲು ಕಚ್ಚಿಕೊಂಡು ಕುಣಿಯುತ್ತಿದ್ದಾಳೆ ಅಂದಾಗ ಆಂಟಿ ಜೋರಾಗಿ ನಕ್ಕರು. ಆಮೇಲೆ ಕಣ್ಣು ಮುಚ್ಚಿಕೊಂಡು, ಮುಂದೆ ಎಂದರು. ಹಿಂದಿನಿಂದ ನನ್ನ ಗಂಡ ಓಡಿ ಬಂದು, ಹಂಡೆ ಉಕ್ಕುತ್ತಿದೆ, ಸ್ವಿಚ್ ಎಲ್ಲಿ ಎಂದು ಕೇಳಿದ. ನಾವಿಬ್ಬರೂ ತಿರುಗಲಿಲ್ಲ.