ಅಂಗೈಯಲ್ಲಿ ಓದಿದ ಅರ್ಜಿ

ಅರ್ಜಿ ಬರೆಸಿದವರು ಅದನ್ನು ಓದಿಸಿ ಕೇಳದೆ ಏಳಬೇಡಿ. ನಯಾಪೈಸೆ ಬಂದ ಹೊಸತರಲ್ಲಿ ಶಿಕಾರಿಪುರದ ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುತ್ತಿದ್ದ ಸಾಹೇಬರು ತಾವಾಗಿಯೇ "ಓದ್ತೀನಿ, ಕೇಳ್ರೀ" ಎನ್ನುತ್ತಿದ್ದರು.

ಒಮ್ಮೆ ಹದಿನೈದು ದಿನ ಕಾಯಿಲೆ ಬಿದ್ದು ಮಲಗಿ ಬಂದವರು ನನ್ನ ಅಂಗಡಿ ಲೈಸೆನ್ಸಿನ ಅರ್ಜಿಯನ್ನು ಮುತ್ತು ಪೋಣಿಸಿದಂತೆ ಬರೆದರು. ಆದರೆ ಓದಲಿಲ್ಲ, ಹಾಳೆಯನ್ನೇ ದಿಟ್ಟಿಸುತ್ತ ಬೆವತರು.

"ಯಾಕ್ರೀ ಸಾಹೇಬ್ರೇ, ಈಗ ನೀವೇ ಬರೆದಿದ್ದಲ್ವಾ?"

"ಬರೆಯಕ್ಕೆ ಬರ್ತದೆ, ಓದಕ್ಕಾಗಲ್ಲ. ಕಣ್ಣು ಸರಿ ಐತಂತೆ. ಮಿದುಳಲ್ಲಿ ಓದೋ ಜಾಗ ಸತ್ತೈತೆ ಅಂದ್ರು ಡಾಕ್ಟ್ರು. ಊರಿಗೆ ಗೊತ್ತಾದ್ರೆ ನನ್ನ ಅನ್ನ ಹೋತು."

ಕಣ್ಣು ಮುಚ್ಚಿ ಅಂಗೈ ಚಾಚಿದರು. "ಇಲ್ಲಿ ಬೆರಳಲ್ಲಿ ಬರೀರಿ, ನೋಡಾಣ."

ಅಂಗೈ ತಣ್ಣಗಿತ್ತು. ಹಾಳೆ ನೋಡಿಕೊಂಡು ಒಂದೊಂದೇ ಅಕ್ಷರ ಗೀಚಿದೆ. ಮುಚ್ಚಿದ ಕಣ್ಣಲ್ಲೇ ಅವರು ಓದುತ್ತ ಹೋದರು.

"ನಿಲ್ರೀ, ಒತ್ತಕ್ಷರ ಬಿಟ್ರಿ."

ಹಾಳೆ ನೋಡಿದೆ. ಬಿಟ್ಟಿದ್ದೆ.