ಊಟದ ಕೋಣೆಯ ಬಾಗಿಲಲ್ಲಿ

ಹೋದ ವರ್ಷ ಶ್ರಾವಣದ ಒಂದು ರವಿವಾರ ಮಧ್ಯಾಹ್ನ, ಬಾಗಲಕೋಟೆಯ ನವನಗರದಲ್ಲಿರುವ ವೃದ್ಧರ ಆರೈಕೆ ಕೇಂದ್ರದಲ್ಲಿ, ಊಟದ ಕೋಣೆಯ ಒಳಗೆ, ಕೈ ತೊಳೆಯುವ ಬೇಸಿನ್ನಿನ ಪಕ್ಕ ನಾನು ನಿಂತಿದ್ದೆ. ಅವ್ವನ ತಾಟು ತೊಳೆಯಲು ಬಂದಿದ್ದೆ. ನನ್ನ ಮುಖ ಬಾಗಿಲ ಕಡೆಗಿತ್ತು, ನಡುವೆ ಏನೂ ಅಡ್ಡವಿರಲಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ “ನೀವು ಸರಿಯಾಗಿ ನೋಡಿರಲಿಕ್ಕಿಲ್ಲ” ಎಂದು ಆಮೇಲೆ ನನಗೆ ಹಲವರು ಹೇಳಿದರು.

ಅವ್ವನಿಗೆ ಮರೆವಿನ ಕಾಯಿಲೆ. ಒಲೆಯ ಗ್ಯಾಸ್ ಹಚ್ಚಿಟ್ಟು ಬಾದಾಮಿಯ ಬಸ್ ನಿಲ್ದಾಣಕ್ಕೆ ಹೋಗಿ ಕೂತಿದ್ದಳು. ಅದಾದ ಮೇಲೆ ಇಲ್ಲಿ ಸೇರಿಸಿದೆವು. ಇಲ್ಲಿ ಇರುವವರಲ್ಲಿ ಬಹಳ ಮಂದಿಗೆ ಅದೇ ಕಾಯಿಲೆ. ಅವರಲ್ಲೊಬ್ಬರು ಹುನಗುಂದದವರು, ಇಳಕಲ್ ಬಸ್ಸಿಗೆ ಕಂಡಕ್ಟರ್ ಆಗಿದ್ದವರು. ಎಲ್ಲರಿಗೂ ಕಾಕಾ. ಕೂತಾಗ ಅವರಷ್ಟು ಸಾಧು ಮನುಷ್ಯರಿಲ್ಲ. ಆದರೆ ಬಾಗಿಲಲ್ಲಿ ನಾಲ್ಕು ಜನ ಸೇರಿದರೆ ಅವರಿಗೆ ಅದು ಬಸ್ಸಿನ ಬಾಗಿಲೇ ಆಗುತ್ತಿತ್ತು. ಹಿಂದಿನಿಂದ ಬಂದು ಹೆಗಲಿಗೆ ಕೈ ಹಚ್ಚಿ ಒಳಗೆ ಸರಿಸುತ್ತಿದ್ದರು. ಅಮೀನಗಡದ ಅಜ್ಜಿಯೊಬ್ಬಳು, “ಏ ಕಂಡಕ್ಟರಾ, ಟಿಕೀಟ ಕೊಡಲಾರದ ದಬ್ಬತೀಯಲ್ಲೋ,” ಎಂದು ಬೈದರೆ ನಾವೆಲ್ಲ ನಗುತ್ತಿದ್ದೆವು.

ಆ ದಿನ ಅಡುಗೆ ತಡವಾಗಿತ್ತು. ಬಾಗಿಲು ಮುಚ್ಚಿ ಎಲ್ಲರನ್ನೂ ಹೊರಗೆ ನಿಲ್ಲಿಸಿದ್ದರು. ಒಳಗೆ ಇದ್ದದ್ದು ನಾನು, ಬಡಿಸಲು ಬಂದ ಆಯಾ ಇಬ್ಬರೇ. ತೆರೆದಾಗ ಅಮೀನಗಡದ ಅಜ್ಜಿ ಮೊದಲು ಒಳಗೆ ಬಂದು ತಿರುಗಿ ನಿಂತಳು. ಅವಳ ಹಿಂದೆ ಅವ್ವ, ಅವ್ವನ ಹಿಂದೆ ಕಾಕಾ. ಬಾಗಿಲಿಗೆ ಅಡ್ಡಲಾಗಿ ನೆಲದಲ್ಲಿ ಕಪ್ಪು ಕಲ್ಲಿನ ಪಟ್ಟಿ ಕೂರಿಸಿದ್ದಾರೆ. ಅದು ಅವ್ವನಿಗೆ ತಗ್ಗಿನಂತೆ ಕಾಣುತ್ತದೋ ಏನೋ, ಅಲ್ಲಿಗೆ ಬಂದರೆ ಹೆಜ್ಜೆ ಏಳುವುದಿಲ್ಲ. ನಿಂತುಬಿಟ್ಟಳು.

“ಒಳಗ ಸರೀರಿ, ಒಳಗ ಜಾಗಾ ಐತಿ,” ಎಂದರು ಕಾಕಾ.

ಅವ್ವನ ಎರಡೂ ಹೆಗಲ ಮೇಲೆ ಅವರ ಬೆರಳುಗಳು ನನಗೆ ಕಂಡವು. ಬೆರಳು ಬಿಗಿಯಾದವು. ಅವ್ವ ಮುಂದಕ್ಕೆ ಬಿದ್ದಳು. ನಾನು ತಲುಪುವಷ್ಟರಲ್ಲಿ ಅವಳ ಎಡಗೈ ಮೈಯಡಿ ಸಿಕ್ಕಿತ್ತು. ಕಾಕಾ ಅವಳ ಪಕ್ಕದಿಂದ ಸುತ್ತಿ ಒಳಗೆ ಬಂದು ತಮ್ಮ ಜಾಗದಲ್ಲಿ ಕೂತರು.

ಮಣಿಕಟ್ಟಿನ ಎಲುಬು ಮುರಿದಿತ್ತು. ದವಾಖಾನೆಯಲ್ಲಿ ಕೇಂದ್ರದ ಮೇಲ್ವಿಚಾರಕಿ, ಕಾಲು ಜಾರಿ ಬಿದ್ದರು ಎಂದು ಡಾಕ್ಟರಿಗೆ ಹೇಳುತ್ತಿದ್ದಳು. ಸಂಜೆ ಕಾಕಾರ ಮಗ ಬಂದ. ಎಕ್ಸ್-ರೇ ಕೋಣೆಯ ಹೊರಗೆ ನನ್ನ ಕೈ ಹಿಡಿದುಕೊಂಡ.

“ಅಣ್ಣಾರ, ನೀವೂ ಜಾರಿದ್ರು ಅಂತನ ಹೇಳ್ರಿ. ದಬ್ಬಿದ್ರು ಅಂದ್ರ ನಮ್ಮಪ್ಪನ್ನ ಖೋಲ್ಯಾಗ ಹಾಕಿ ಹೊರಗಿಂದ ಚಿಲಕಾ ಹಾಕ್ತಾರ.”

ಅವನ ಮಾತು ಸುಳ್ಳಲ್ಲ. ಹಾಗೆ ಚಿಲಕ ಹಾಕಿದ ಕೋಣೆಯೊಂದನ್ನು ನಾನೇ ನೋಡಿದ್ದೆ, ಒಳಗಿನಿಂದ ಬಡಿಯುವುದನ್ನೂ ಕೇಳಿದ್ದೆ. ಆದರೆ ಜಾರಿದಳು ಎಂದರೆ ಬಾಗಿಲು ಹಾಗೇ ಇರುತ್ತದೆ, ಮರುದಿನವೂ ಅವ್ವನ ಹಿಂದೆ ಕಾಕಾ ನಿಲ್ಲುತ್ತಾರೆ.

“ಜಾರಿಲ್ರಿ, ನಾ ನೋಡೇನಿ,” ಎಂದೆ. “ಚಿಲಕಾ ಹಾಕಾಕೂ ನಾ ಬಿಡಂಗಿಲ್ಲ.”

ಅವನು ಕೈ ಬಿಟ್ಟ. ಮೇಲ್ವಿಚಾರಕಿಗೆ ಎರಡನ್ನೂ ಹೇಳಿದೆ: ದಬ್ಬಿದ್ದು ಹೌದು, ಎಲ್ಲರನ್ನೂ ಬಾಗಿಲಲ್ಲಿ ಕಾಯಿಸಿದ್ದೂ ಹೌದು. ಹಾಗಾದರೆ ಯಾರನ್ನು ಬಿಡಬೇಕು, ಯಾರನ್ನು ಹಿಡಿಯಬೇಕು ನೀವೇ ಹೇಳಿ ಎಂದಳು. ಯಾರನ್ನೂ ಬಾಗಿಲಲ್ಲಿ ನಿಲ್ಲಿಸಬೇಡಿ, ಯಾರಿಗೂ ಚಿಲಕ ಹಾಕಬೇಡಿ ಎಂದೆ. ಬಾಗಿಲು ತೆರೆದೇ ಇಡುವುದು, ಆಯಾ ಮೊದಲು ಕಾಕಾರನ್ನು ಕರೆತಂದು ಕೂರಿಸುವುದು, ಆಮೇಲೆ ಕೈ ಹಿಡಿದು ಅವ್ವನನ್ನು ಪಟ್ಟಿ ದಾಟಿಸುವುದು ಎಂದಾಯಿತು. ಆ ಆಯಾ ಇದ್ದಷ್ಟು ದಿನ ಅದು ನಡೆಯಿತು. ಆದರೂ ಬಾದಾಮಿಯ ಮನೆಯಲ್ಲಿ ಊಟದ ಹೊತ್ತಿಗೆ ಫೋನ್ ಬಂದರೆ ತಾಟು ಬಿಟ್ಟು ಏಳುತ್ತೇನೆ.

ದಬ್ಬಿದ್ದನ್ನು ಕಂಡ ಅಮೀನಗಡದ ಅಜ್ಜಿ ಚಳಿಗಾಲದಲ್ಲಿ ತೀರಿಕೊಂಡಳು. ಅವ್ವ ಇದ್ದಾಳೆ, ಕಾಕಾ ಇದ್ದಾರೆ; ಇಬ್ಬರಿಗೂ ಅದು ನೆನಪಿಲ್ಲ. ಅನ್ನದ ಬೋಗುಣಿ ಹಿಡಿದು ನನ್ನ ಬಲಕ್ಕೆ ನಿಂತಿದ್ದ ಆಯಾ ಎಲ್ಲವನ್ನೂ ಕಂಡಿದ್ದಾಳೆ. ಹೋದ ತಿಂಗಳು ಕೆಲಸ ಬಿಟ್ಟು ತನ್ನೂರು ರಾಮಥಾಳಕ್ಕೆ ಹೋದಳು. ಅವಳ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ.